ರಿಹಾನಾಳ 'ವರ್ಕ್' ರೆಗೆಯೋ ಡ್ಯಾನ್ಸ್‌ಹಾಲೋ?

ಗಾಯಕಿ ರಿಹಾನಾಳ 'ವರ್ಕ್' (2016) ಹಾಡು ಜಮೈಕಾದ ರೆಗೆ ಸಂಗೀತನಾ, ಮತ್ತೆ ಅದರಲ್ಲಿ ಬಾಯಿಗೆ ಬಂದದ್ದು ಹಾಡಿದ್ದಾಳಾ ಅಂತ ಕೇಳಿದ್ರಲ್ಲ. ಎರಡೂ ಅಲ್ಲ. ಅದು ಡ್ಯಾನ್ಸ್‌ಹಾಲ್, ಜಮೈಕಾದ್ದೇ ಇನ್ನೊಂದು ಸಂಗೀತ ಶೈಲಿ. ಪದಗಳು ಕೆರಿಬಿಯನ್ ಆಡುಮಾತು. ಆಕೆ ಬಾರ್ಬಡೋಸ್‌ನವಳು, ಅಲ್ಲಿನವರಿಗೆ ಅದು ಮನೆಮಾತೇ. ನಮ್ಮ ಕುಂದಾಪ್ರ ಕನ್ನಡ ಬೆಂಗಳೂರಿನವರಿಗೆ ಕೇಳಿಸಿದ ಹಾಗೆ ಅಷ್ಟೇ.

ರೆಗೆ ಬೇಕಿದ್ರೆ ಆಕೆಯದೇ 'ಮ್ಯಾನ್ ಡೌನ್' ಹಾಕಿ, ಹೆಡ್‌ಫೋನ್‌ನಲ್ಲೇ ಕೇಳಿ. ರೆಗೆಯಲ್ಲಿ ನಾವು ಕಾಲು ತಟ್ಟುವ ಎರಡು ಏಟುಗಳ ನಡುವಿನ ಸಂದಿಯಲ್ಲಿ ಗಿಟಾರ್ 'ಚಕ್' ಅಂತ ಬೀಳುತ್ತೆ, ಕೆಳಗೆ ಬೇಸ್ (ಮಂದ್ರ ಸ್ವರ) ಆರಾಮಾಗಿ ನಡೀತಿರುತ್ತೆ. ಡ್ಯಾನ್ಸ್‌ಹಾಲ್ ಜಮೈಕಾದಲ್ಲಿ ರೆಗೆ ಹೊಟ್ಟೆಯಲ್ಲೇ ಹುಟ್ಟಿದ್ದು. ಎಂಬತ್ತರ ದಶಕದಲ್ಲಿ ಡಿಜಿಟಲ್ ಆದಮೇಲೆ ಯಂತ್ರದ ತಾಳವೇ ಮುಂದೆ. 'ರಿಡಿಮ್' ಅಂತ ಒಂದು ತಾಳ-ಬೇಸ್ ಮಾಡಿಟ್ಟರೆ ಹತ್ತಾರು ಗಾಯಕರು ಅದರ ಮೇಲೇ ಬೇರೆ ಬೇರೆ ಹಾಡು ಕಟ್ಟುತ್ತಾರೆ. ಒಂದೇ ಮಟ್ಟಿಗೆ ಹಲವು ಪದ ಕೂರಿಸೋದು ನಮಗೇನು ಹೊಸತಲ್ಲ ಬಿಡಿ.

ಒಂದು ತಮಾಷೆ: ಅಂಥ ಪ್ರಸಿದ್ಧ ರಿಡಿಮ್ ಒಂದರ ಹೆಸರೇ 'ದಿವಾಲಿ'! ಜಮೈಕಾದ ಗಾಯಕ ಶಾನ್ ಪಾಲ್‌ನ 'ಗೆಟ್ ಬ್ಯುಸಿ' ಹಾಡು ಅದರ ಮೇಲಿದೆ. ಅದರ ಚಪ್ಪಾಳೆ ಕೇಳಿ, ಆಮೇಲೆ ರಿಹಾನಾಳ ಮೊದಲ ಸಿಂಗಲ್ 'ಪಾನ್ ಡಿ ರಿಪ್ಲೇ' (2005) ಕೇಳಿ. ಅದೇ ಜಾಡು. ನನಗಂತೂ 'ವರ್ಕ್'ಗಿಂತ ಅದೇ ಇಷ್ಟ.