ಹಳೇ ಮರ: ಕಡಿಸೋದಾ, ಸವರಿಸೋದಾ?

ಪ್ರಶ್ನೆ: ಮನೆ ಪಕ್ಕ ಎರಡು ಹಳೇ ಮರಗಳಿವೆ. ಒಂದರ ಕೊಂಬೆ ಚಾವಣಿ ಮೇಲೆ ಚಾಚಿದೆ, ಇನ್ನೊಂದರ ಬುಡದಲ್ಲಿ ಅಣಬೆ ಎದ್ದಿದೆ. ಗಾಳಿ ಬಂದರೆ ನಿದ್ದೆ ಬರುವುದಿಲ್ಲ. ಎರಡನ್ನೂ ಕಡಿಸಿಬಿಡಲಾ?

ಉತ್ತರ: ಒಂದು ಕೊಂಬೆಗಾಗಿ ಇಡೀ ಮರ ಯಾಕೆ ಕಡಿಸಬೇಕು? ಅದನ್ನಷ್ಟೇ ಸವರಿಸಿ. ಆದರೆ ತಲೆ ಬೋಳಿಸಬೇಡಿ. ಹಾಗೆ ಮಾಡಿದರೆ ಕಡಿದಲ್ಲಿ ಗುಂಪು ಗುಂಪಾಗಿ ಚಿಗುರು ಬರುತ್ತದೆ, ಅದಕ್ಕೆ ಹಿಡಿತ ಸಾಲದು, ದಪ್ಪಗಾದ ಮೇಲೆ ಅದೇ ಮುರಿದು ಬೀಳುತ್ತದೆ. ಒಂದೇ ಸಲಕ್ಕೆ ಹಸಿರಿನ ಶೇ. 25ಕ್ಕಿಂತ ಜಾಸ್ತಿ ತೆಗೆಯಬಾರದು, ಮುದಿ ಮರಕ್ಕೆ ಇನ್ನೂ ಕಡಿಮೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರ ಇರುತ್ತದೆ ಅಲ್ವಾ, ಅದಕ್ಕೆ ಏಟು ಬೀಳದಂತೆ ಅದರ ಹೊರಗೆ ಕತ್ತರಿಸಬೇಕು. ಗಾಯಕ್ಕೆ ಪೇಂಟ್ ಬಳಿಯುವುದು ಸುಮ್ನೆ ಖರ್ಚು.

ಅಣಬೆ ಎದ್ದ ಮರದ್ದು ಬೇರೆ ಕಥೆ. ಮೇಲೆ ಎಲೆ ಹಸಿರಾಗಿದ್ದರೂ ಕೆಳಗೆ ಬೇರು ಕೊಳೆಯುತ್ತಿರಬಹುದು. ಮರ ಇತ್ತೀಚೆಗೆ ವಾಲಿದೆಯಾ, ವಾಲಿದ್ದರ ಎದುರು ಬದಿಯಲ್ಲಿ ಮಣ್ಣು ಬಿರಿದು ಮೇಲೆದ್ದಿದೆಯಾ ನೋಡಿ. ಹೌದಾದರೆ ಅದರ ಹತ್ತಿರ ಓಡಾಡಬೇಡಿ, ಈ ಕೆಲಸ ಬಲ್ಲವರನ್ನು ಕರೆಸಿ ಬೇಗ ತೆಗೆಸಿ. ಇಲ್ಲವಾದರೂ ಒಮ್ಮೆ ಅವರಿಗೆ ತೋರಿಸಿ. ಅಂದಹಾಗೆ, ಬರೀ ಪೊಟರೆ ಕಂಡು ಹೆದರಬೇಡಿ, ಕಾಂಡದ ಹೊರಭಾಗ ಗಟ್ಟಿ ಇದ್ದರೆ ಟೊಳ್ಳು ಮರವೂ ಎಷ್ಟೋ ವರ್ಷ ನಿಲ್ಲುತ್ತದೆ. ಕೊಡಲಿ ಹಾಕುವ ಮುಂಚೆ ಅನುಮತಿ ಬೇಕಾ ಅಂತ ವಿಚಾರಿಸಿಕೊಳ್ಳಿ.