ದಾಖಲೆಯಲ್ಲಿ ಒಂದು, ತರಗತಿಯಲ್ಲಿ ಇನ್ನೊಂದು

ಪ್ರಶ್ನೆ: ಶಿಕ್ಷಕ ತರಬೇತಿ ಪಡೆಯುತ್ತಿರುವ ನಾನು ಈಗ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಚಟುವಟಿಕೆಗಳ ಮೂಲಕವೇ ಪಾಠ ಮಾಡಬೇಕೆಂದು ಕಾಲೇಜಿನವರು ಹೇಳುತ್ತಾರೆ. ಇಲ್ಲಿನ ವಿಜ್ಞಾನ ಶಿಕ್ಷಕಿ, ‘ಅದೆಲ್ಲ ಬೇಡ, ನೋಟ್ಸ್ ಬರೆಸಿ ಪಾಠ ಮುಗಿಸಿ’ ಎಂದು ಮಕ್ಕಳೆದುರೇ ಹೇಳಿದರು. ಅಂದಿನಿಂದ ಮಕ್ಕಳು ನನ್ನ ಮಾತು ಕೇಳುತ್ತಿಲ್ಲ. ನಡೆಯದ ಚಟುವಟಿಕೆಗಳನ್ನು ನಡೆದಂತೆ ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಈ ವೃತ್ತಿ ನನಗಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ಮಕ್ಕಳೆದುರು ನಿಮ್ಮನ್ನು ತಡೆದದ್ದು ಸರಿಯಲ್ಲ. ಅದು ನೋಯಿಸುವಂಥದ್ದೇ. ಹಾಗೆಂದು ವೃತ್ತಿಯ ಬಗ್ಗೆ ಈಗಲೇ ತೀರ್ಮಾನಕ್ಕೆ ಬರಬೇಡಿ, ಆ ಶಿಕ್ಷಕಿಯನ್ನು ಎದುರಾಳಿಯೆಂದೂ ಭಾವಿಸಬೇಡಿ. ನೀವು ಹೊರಟ ಮೇಲೆ ಉಳಿದ ಪಾಠಕ್ಕೂ ಮಕ್ಕಳ ಅಂಕಗಳಿಗೂ ಉತ್ತರ ಹೇಳಬೇಕಾದವರು ಅವರು. ಆದ್ದರಿಂದ ಇಡೀ ಅವಧಿಯನ್ನು ಕೇಳಬೇಡಿ, ಹತ್ತು ನಿಮಿಷ ಕೇಳಿ. ಹಿಂದಿನ ದಿನವೇ ಪಾಠ ಯೋಜನೆಯನ್ನು ಅವರ ಕೈಗಿಟ್ಟು, ‘ಮೇಡಂ, ಇಷ್ಟು ಹೊತ್ತು ಇದನ್ನು ಮಾಡಿಸಿ, ಉಳಿದ ಸಮಯದಲ್ಲಿ ನೋಟ್ಸ್ ಮುಗಿಸುತ್ತೇನೆ. ತಪ್ಪಿದ್ದರೆ ತರಗತಿ ಮುಗಿದ ಮೇಲೆ ತಿದ್ದಿ’ ಎನ್ನಿ. ಹೇಳಿದಷ್ಟರಲ್ಲೇ ಮುಗಿಸಿ.

ಅಷ್ಟೂ ಸಿಗದ ದಿನ ಒಂದು ಒಳ್ಳೆಯ ಪ್ರಶ್ನೆ ಸಾಕು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ 1 ಸೆಕೆಂಡ್ ಮಾತ್ರ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ‘ಒದ್ದೆ ಬಟ್ಟೆಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿ, ಸೀಮೆಸುಣ್ಣ ಕೆಳಗಿಟ್ಟು, ಸುಮ್ಮನೆ ನಿಲ್ಲಿ. ಮೊದಲು ಎದ್ದ ಕೈಗೇ ಅವಕಾಶ ಕೊಡಬೇಡಿ. ಇದಕ್ಕೆ ಯಾವ ಸಾಮಗ್ರಿಯೂ ಬೇಡ. ತಾವು ಹೇಳಿದ್ದನ್ನು ನೀವು ನಿಜವಾಗಿ ಕೇಳಿಸಿಕೊಳ್ಳುತ್ತೀರಿ ಎಂದು ಗೊತ್ತಾದರೆ, ಮಕ್ಕಳ ಗಮನವೂ ನಿಧಾನವಾಗಿ ನಿಮ್ಮ ಕಡೆ ತಿರುಗುತ್ತದೆ.

ದಾಖಲೆ ಪುಸ್ತಕದ ವಿಷಯದಲ್ಲಿ ಮಾತ್ರ ನಾನು ನಿಷ್ಠುರವಾಗಿ ಹೇಳುತ್ತೇನೆ: ಸುಳ್ಳು ಬರೆಯುವುದನ್ನು ಇಂದೇ ನಿಲ್ಲಿಸಿ. ನೀವು ಎಲ್ಲಿ ಸಿಲುಕಿದ್ದೀರಿ ಎಂಬುದು ಕಾಲೇಜಿನ ಮೇಲ್ವಿಚಾರಕರಿಗೆ ತಿಳಿಯಬೇಕಾದದ್ದು ಅಲ್ಲಿಂದಲೇ. ಎಲ್ಲವೂ ಚೆನ್ನಾಗಿ ನಡೆದಿದೆ ಎಂದು ಬರೆದವರಿಗೆ ಅವರಾದರೂ ಏನು ಸಹಾಯ ಮಾಡಿಯಾರು? ‘ಚಟುವಟಿಕೆಗೆ ಅವಕಾಶವಾಗಲಿಲ್ಲ, ನೋಟ್ಸ್ ಬರೆಸಿದೆ, ಹಿಂದಿನ ಬೆಂಚಿನ ಇಬ್ಬರು ಬರೆಯಲಿಲ್ಲ’ ಎಂದು ನಡೆದದ್ದನ್ನೇ ಬರೆಯಿರಿ. ಈಗಾಗಲೇ ಬರೆದ ಪುಟಗಳ ಬಗ್ಗೆಯೂ ಅವರಿಗೆ ನೀವೇ ಹೇಳಿಬಿಡಿ. ಗದರಿದರೆ ಗದರಲಿ. ಶಾಲೆಗೂ ಕಾಲೇಜಿಗೂ ನಡುವಿನ ಈ ಗೊಂದಲವನ್ನು ಬಿಡಿಸುವುದು ಅವರ ಕೆಲಸ, ವಿದ್ಯಾರ್ಥಿನಿಯಾದ ನಿಮ್ಮದಲ್ಲ. ಮುಂದಿನ ಬಾರಿ ಅವರು ಪಾಠ ವೀಕ್ಷಣೆಗೆ ಬಂದಾಗ, ಆ ಶಿಕ್ಷಕಿಯನ್ನೂ ಸೇರಿಸಿಕೊಂಡು ಮೂವರೂ ಕುಳಿತು ಮಾತನಾಡೋಣವೆಂದು ಕೇಳಿಕೊಳ್ಳಿ.