ಮಣ್ಣಿಲ್ಲದ ಕಾದಂಬರಿಗಳೇ? ಶಿರಸಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಫುಲ್‌ಸ್ಕೇಪ್ ಹಾಳೆಯ ಎರಡೂ ಬದಿ ತುಂಬಿದ ನಿಮ್ಮ ಆರು ಪುಟದ ಪತ್ರ ಕೈಸೇರಿತು. ಕಳೆದ ಸಂಚಿಕೆಯಲ್ಲಿ ಅಮೆರಿಕದ ಈಚಿನ ಕಾದಂಬರಿಗಳಿಗೆ ಹನ್ನೆರಡು ಪುಟ ಕೊಟ್ಟಿದ್ದು ದಂಡ ಎಂದಿದ್ದೀರಿ. ಪತ್ರ ಓದದವರಿಗಾಗಿ ನಿಮ್ಮ ತಕರಾರನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆ ಕಾದಂಬರಿಗಳಲ್ಲಿ ಮಣ್ಣಿಲ್ಲ. ವಿಚ್ಛೇದನ ಬಿಟ್ಟರೆ ಅವರಿಗೆ ಬೇರೆ ಕಷ್ಟವಿಲ್ಲ. ಬರವಣಿಗೆ ಕಲಿಸುವ ಶಾಲೆಗಳಲ್ಲಿ ಒಂದೇ ಅಚ್ಚಿಗೆ ಎರಕ ಹೊಯ್ದು ತೆಗೆದಂತಿವೆ. ಗಾತ್ರ ನೋಡಿದರೆ ಇಟ್ಟಿಗೆ. ಉದ್ಧರಣ ಚಿಹ್ನೆ ಕಿತ್ತುಹಾಕುವುದನ್ನೇ ಶೈಲಿ ಅಂದುಕೊಂಡಿದ್ದಾರೆ. ಟೋನಿ ಮಾರಿಸನ್ನರ ‘ಬಿಲವೆಡ್’ ಬರೀ ದೆವ್ವದ ಕಥೆ. ಇದೇ ಚಾಳಿ ಮುಂದುವರಿದರೆ ಚಂದಾ ನಿಲ್ಲಿಸುತ್ತೇನೆ ಎಂಬ ಎಚ್ಚರಿಕೆಯೂ ಕೊನೆಯಲ್ಲಿದೆ.

ಗಾತ್ರದ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಡೇವಿಡ್ ಫಾಸ್ಟರ್ ವಾಲೇಸ್ 1996ರಲ್ಲಿ ಪ್ರಕಟಿಸಿದ ‘ಇನ್ಫಿನಿಟ್ ಜೆಸ್ಟ್’ 1,079 ಪುಟ. ಅದರ ಕೊನೆಗೆ 388 ಟಿಪ್ಪಣಿಗಳು, ಕೆಲವು ಟಿಪ್ಪಣಿಗಳೇ ಒಂದೊಂದು ಅಧ್ಯಾಯದಷ್ಟು. ಒಂದು ಬೆರಳು ಕಥೆಯಲ್ಲಿ, ಇನ್ನೊಂದು ಬೆರಳು ಟಿಪ್ಪಣಿಯಲ್ಲಿ ಸಿಕ್ಕಿಸಿಕೊಂಡು ಮೂರು ಸಲ ಶುರು ಮಾಡಿದೆ, ಮೂರು ಸಲವೂ ಕೆಳಗಿಟ್ಟೆ. ಅದನ್ನು ಓದಿ ಮುಗಿಸಿದವರ ಬಗ್ಗೆ ನನಗೆ ಗೌರವವಿದೆ, ಹೊಟ್ಟೆಕಿಚ್ಚಿಲ್ಲ.

ಶಾಲೆಗಳ ಮಾತಿಗೆ ಅರ್ಧ ಒಪ್ಪಿಗೆ. ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್ ಶುರುವಾದದ್ದು 1936ರಲ್ಲಿ. ಆಮೇಲೆ ಅದರ ಮಾದರಿ ದೇಶದ ತುಂಬ ಹಬ್ಬಿತು, ಎಲ್ಲ ವಾಕ್ಯಗಳನ್ನೂ ಇಸ್ತ್ರಿ ಮಾಡಿಟ್ಟಂತಹ ಪುಸ್ತಕಗಳು ಬರುತ್ತಿರುವುದೂ ಹೌದು. ಆದರೆ ಅದೇ ಅಯೋವಾದಲ್ಲಿ ಬಹುಕಾಲ ಪಾಠ ಹೇಳಿದ ಮ್ಯಾರಿಲಿನ್ ರಾಬಿನ್‌ಸನ್ ತಮ್ಮ ಮೊದಲ ಕಾದಂಬರಿಯನ್ನು 1980ರಲ್ಲಿ ಪ್ರಕಟಿಸಿ, ಎರಡನೆಯದಾದ ‘ಗಿಲಿಯಡ್’ ಅನ್ನು ಕೊಟ್ಟದ್ದು 2004ರಲ್ಲಿ. ಎರಕ ಹೊಯ್ಯುವ ಕೆಲಸಕ್ಕೆ 24 ವರ್ಷ ಹಿಡಿಯುವುದಿಲ್ಲ. ಹೃದಯ ಕೈಕೊಡುತ್ತಿರುವ ಮುದಿ ಪಾದ್ರಿಯೊಬ್ಬ, ಇನ್ನೂ ಏಳು ತುಂಬದ ಮಗನಿಗೆ ದೊಡ್ಡವನಾದ ಮೇಲೆ ಓದಲೆಂದು ಬರೆದಿಡುವ ಪತ್ರ ಅದು. ಇನ್ನೂರೈವತ್ತು ಪುಟವೂ ಇಲ್ಲ, ವಿಚ್ಛೇದನವೂ ಇಲ್ಲ.

ಇನ್ನು ಮಣ್ಣು. ನೀವು ಬೇಡವೆಂದದ್ದೆಲ್ಲ ಇರುವ ಒಂದು ಪುಸ್ತಕವನ್ನೇ ಎತ್ತಿಕೊಳ್ಳುತ್ತೇನೆ. ಜಾನ್ ವಿಲಿಯಮ್ಸ್ 1965ರಲ್ಲಿ ಬರೆದ ‘ಸ್ಟೋನರ್’. ನಾಯಕ ಕಾಲೇಜು ಮೇಷ್ಟ್ರು, ಮದುವೆ ನರಕ, ಕೆಲಸದಲ್ಲಿ ಹಗೆ. ಆದರೆ ಶುರುವಾಗುವುದು ಮಿಸೌರಿಯ ಬಡಕಲು ಹೊಲದಲ್ಲಿ. ಕೃಷಿ ಅಧಿಕಾರಿ ಹೇಳಿದನೆಂದು ಅಪ್ಪ ಒಬ್ಬನೇ ಮಗನನ್ನು ಬೇಸಾಯ ಶಾಸ್ತ್ರ ಓದಲು 1910ರಲ್ಲಿ ಕಳಿಸುತ್ತಾನೆ. ಹುಡುಗ ಒಂದು ದಿನ ತರಗತಿಯಲ್ಲಿ ಶೇಕ್ಸ್‌ಪಿಯರನ ಸಾನೆಟ್ ಕೇಳಿ ಅಲ್ಲೇ ಕಳೆದುಹೋಗುತ್ತಾನೆ, ಓದುವ ವಿಷಯವನ್ನೇ ಬದಲಿಸುತ್ತಾನೆ, ಮನೆಯವರಿಗೆ ಹೇಳುವುದಿಲ್ಲ. ಪದವಿ ಪ್ರದಾನದ ದಿನ ಅಪ್ಪ ಅಮ್ಮ ದೂರದಿಂದ ಬಂದಿರುತ್ತಾರೆ. ತಾನು ಹೊಲಕ್ಕೆ ಮರಳುವುದಿಲ್ಲ ಎಂಬುದನ್ನು ಆಗ ಬಾಯಿಬಿಡುತ್ತಾನೆ. ಅಪ್ಪ ಹೆಚ್ಚು ಮಾತಾಡುವುದಿಲ್ಲ. ಅಮ್ಮ ಕಣ್ಣು ಮುಚ್ಚಿ, ಬಿಗಿದ ಮುಷ್ಟಿಯನ್ನು ಕೆನ್ನೆಗೆ ಒತ್ತಿ ಹಿಡಿದಿರುತ್ತಾಳೆ. ಹಾಸ್ಟೆಲಿನಲ್ಲಿ ಓದಿ ಊರಿಗೆ ಮರಳದ ನಮ್ಮ ಮೊದಲ ತಲೆಮಾರಿನ ಪದವೀಧರರಿಗೆ ಈ ಪುಟಕ್ಕೆ ಅಡಿಟಿಪ್ಪಣಿ ಬೇಕಾಗದು. ಅಂದು ಮಾರಾಟವಾದದ್ದು ಎರಡು ಸಾವಿರ ಪ್ರತಿಯೊಳಗೆ. 2006ರ ಮರುಮುದ್ರಣದ ನಂತರ ಯುರೋಪಿನವರು ಮುಗಿಬಿದ್ದು ಓದಿದರು, ಅಷ್ಟರಲ್ಲಿ ಬರೆದವರು ತೀರಿಕೊಂಡು ಹನ್ನೆರಡು ವರ್ಷ ದಾಟಿತ್ತು. ಬಹುಮಾನ ಬಂದವಷ್ಟೇ ನಮ್ಮ ಅಂಗಡಿಗಳಿಗೆ ಬರುತ್ತವೆ ಎಂಬ ನಿಮ್ಮ ದೂರು ಈ ಮಟ್ಟಿಗೆ ನಿಜ.

ಬಹುಮಾನ ಬಂದದ್ದರಲ್ಲೂ ಮಣ್ಣಿದೆಯೆನ್ನಿ. ಬಾರ್ಬರಾ ಕಿಂಗ್‌ಸಾಲ್ವರ್ ಅವರ ‘ಡೀಮನ್ ಕಾಪರ್‌ಹೆಡ್’ (2022) ವರ್ಜೀನಿಯಾ ರಾಜ್ಯದ ಲೀ ಕೌಂಟಿಯ ಅನಾಥ ಹುಡುಗನ ಕಥೆ. ಹೊಗೆಸೊಪ್ಪಿನ ಹೊಲದ ದುಡಿಮೆ ಅದರಲ್ಲಿ ಬೆವರಿನ ಸಮೇತ ಇದೆ. ಹುಣಸೂರು, ಪಿರಿಯಾಪಟ್ಟಣದವರೂ ತಾವು ಬೆಳೆಯುವುದನ್ನು ವರ್ಜೀನಿಯಾ ಅಂತಲೇ ಕರೆಯುತ್ತಾರೆ, ಅವರು ಓದಿದರೆ ಏನೆನ್ನುತ್ತಾರೋ ಕೇಳುವ ಆಸೆ. ಮುಂದೆ ಫುಟ್‌ಬಾಲ್ ಆಡಿ ಮಂಡಿ ಮುರಿದುಕೊಂಡ ಹುಡುಗನಿಗೆ ಡಾಕ್ಟರು ನೋವಿನ ಮಾತ್ರೆ ಬರೆದುಕೊಡುತ್ತಾರೆ, ಮಾತ್ರೆ ಚಟವಾಗುತ್ತದೆ. ಕಲ್ಲಿದ್ದಲು ಹೋಯಿತು, ಹೊಗೆಸೊಪ್ಪು ಹೋಯಿತು, ಗುಳಿಗೆ ಬಂತು. ಇದು ಒಂದು ಸೀಮೆಯೇ ಹಾಳಾದ ಕಥೆ.

ಉದ್ಧರಣ ಚಿಹ್ನೆಯ ಬಗ್ಗೆ ನಿಮ್ಮ ಸಿಟ್ಟು ನನಗೆ ಬೆರಗು ತಂದಿತು. ಕಾರ್ಮ್ಯಾಕ್ ಮೆಕಾರ್ಥಿಯವರ ‘ದ ರೋಡ್’ (2006) ಓದುವಾಗ ಯಾರು ಆಡಿದ ಮಾತು ಯಾವುದೆಂದು ನಾನೂ ಬೆರಳಿಟ್ಟು ಎಣಿಸಿದ್ದುಂಟು. ಆದರೆ ಸ್ವಾಮಿ, ಪಂಪನ ಓಲೆಗರಿಯಲ್ಲಿ ಆ ಚಿಹ್ನೆ ಎಲ್ಲಿತ್ತು? ನಮ್ಮಲ್ಲಿ ಆ ಕೆಲಸವನ್ನು ‘ಎಂದು’, ‘ಅಂತ’ ಮಾಡುತ್ತವೆ, ಮಾತು ಎಲ್ಲಿ ಮುಗಿಯಿತೆಂದು ಭಾಷೆಯೇ ಗೂಟ ಹೊಡೆಯುತ್ತದೆ. ಇಂಗ್ಲಿಷಿಗೆ ಆ ಗೂಟವಿಲ್ಲ. ಹಾಗಾಗಿ ಚಿಹ್ನೆ ತೆಗೆದರೆ ಮಾತು ಬಯಲಿಗೆ ಬೀಳುತ್ತದೆ. ಸುಟ್ಟು ಬೂದಿಯಾದ ಲೋಕದಲ್ಲಿ ತಳ್ಳುಗಾಡಿ ತಳ್ಳುತ್ತ ದಕ್ಷಿಣಕ್ಕೆ ನಡೆಯುವ, ಹೆಸರಿಲ್ಲದ ಅಪ್ಪ ಮಗನ ನಡುವಿನ ನಾಲ್ಕು ಮಾತಿಗೆ ಆ ಬಯಲು ಸರಿಯಾಗಿ ಒದಗುತ್ತದೆ. ಮದುವೆ ಮನೆಯ ಕಥೆಗೆ ಇದೇ ಉಪಾಯ ಹಾಕಿದ್ದರೆ ನಾನೂ ಬೈಯುತ್ತಿದ್ದೆ.

‘ಬಿಲವೆಡ್’ ವಿಷಯದಲ್ಲಿ ಮಾತ್ರ ಜಗಳವಾಡದೆ ಬಿಡಲಾರೆ. ದೆವ್ವ ಇದೆ, ನಿಜ. ಅದು ಯಾರ ದೆವ್ವ? ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು 1856ರ ಜನವರಿಯಲ್ಲಿ, ಹೆಪ್ಪುಗಟ್ಟಿದ ಓಹಾಯೋ ನದಿಯ ಮೇಲೆ ಮನೆಮಂದಿಯೊಂದಿಗೆ ನಡೆದು ಕೆಂಟಕಿಯಿಂದ ತಪ್ಪಿಸಿಕೊಂಡಳು. ಹಿಡಿಯುವವರು ಮನೆ ಸುತ್ತುವರಿದಾಗ, ಮತ್ತೆ ಆ ಬದುಕಿಗೆ ಮರಳದಿರಲೆಂದು ಎರಡು ವರ್ಷದ ಮಗಳನ್ನು ಕೈಯಾರೆ ಕೊಂದಳು. ಆಮೇಲೆ ಕೋರ್ಟಿನಲ್ಲಿ ನಡೆದದ್ದು ವಿಚಿತ್ರ ವಾದ. ಕೊಲೆಗಾತಿ ಎಂದು ವಿಚಾರಿಸಿದರೆ ಆಕೆ ಮನುಷ್ಯಳೆಂದು ಒಪ್ಪಿದಂತೆ. ಒಡೆಯನಿಗೆ ಮರಳಿಸಿದರೆ ಬರೀ ಸೊತ್ತು. ಓಡಿಹೋದ ಗುಲಾಮರನ್ನು ಒಡೆಯರಿಗೆ ಒಪ್ಪಿಸಬೇಕೆಂಬ 1850ರ ಕಾಯ್ದೆಯ ಪ್ರಕಾರ ಸೊತ್ತೆಂದೇ ಮರಳಿಸಿದರು. ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದಾಗ ಮಾರಿಸನ್ ಈ ಹಳೆಯ ಸುದ್ದಿಯ ತುಣುಕನ್ನು ಕಂಡರು, 1987ರಲ್ಲಿ ಕಾದಂಬರಿ ಬಂತು. ಕೋರ್ಟು ಕೇಳದ ಮಗುವಿನ ಮಾತನ್ನು ದೆವ್ವವಲ್ಲದೆ ಇನ್ನಾರು ಆಡಬೇಕಿತ್ತು? ತೀರಿಕೊಂಡ ಮಗು ಮನೆ ಬಿಡದೆ ಸುತ್ತುತ್ತದೆ ಎಂಬುದು ನಮ್ಮ ಅಜ್ಜಿಯರಿಗೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ನಿಮಗೆ ಯಾಕಾಯಿತೋ.

ಕಡೆಯದಾಗಿ, ನಮ್ಮ ಲೇಖನ ಎರಡೇ ಸಾಲಿನಲ್ಲಿ ದಾಟಿಸಿಬಿಟ್ಟ ಒಂದು ಪುಸ್ತಕ, ತಪ್ಪು ನಮ್ಮದು. ಪರ್ಸಿವಲ್ ಎವರೆಟ್ಟರ ‘ಜೇಮ್ಸ್’ (2024). ಮಾರ್ಕ್ ಟ್ವೇನರ ಹಕಲ್‌ಬೆರಿ ಫಿನ್ ಜೊತೆ ತೆಪ್ಪದಲ್ಲಿ ಹೋದ ಗುಲಾಮ ಜಿಮ್, ಇಲ್ಲಿ ತಾನೇ ಕಥೆ ಹೇಳುತ್ತಾನೆ. ತಮ್ಮತಮ್ಮೊಳಗೆ ಇದ್ದಾಗ ಈ ಗುಲಾಮರು ಶುದ್ಧ ಇಂಗ್ಲಿಷ್ ಆಡುತ್ತಾರೆ. ಬಿಳಿಯರು ಬಂದರೆ ಮಾತ್ರ ನಾಲಗೆ ಹೊರಳದವರಂತೆ ತೊದಲುತ್ತಾರೆ. ಒಡೆಯನ ಮುಂದೆ ಹೇಗೆ ತಪ್ಪಾಗಿ ಮಾತಾಡಬೇಕು, ಅವನಿಗೆ ತಾನೇ ಜಾಣನೆಂದು ಹೇಗೆ ಅನ್ನಿಸಬೇಕು ಎಂದು ಜಿಮ್ ಮಕ್ಕಳಿಗೆ ಪಾಠ ಹೇಳುತ್ತಾನೆ. ನಗು ಬರುತ್ತದೆ, ಜೊತೆಗೇ ಬೆನ್ನು ತಣ್ಣಗಾಗುತ್ತದೆ. ಮುಂದೆ, ಅವನಿಗೆ ಬರೆಯಲೆಂದು ಒಬ್ಬ ಗುಲಾಮ ಪೆನ್ಸಿಲ್ ತುಂಡೊಂದನ್ನು ಕದ್ದು ತಂದುಕೊಡುತ್ತಾನೆ, ಆ ತುಂಡಿಗಾಗಿ ಜೀವ ತೆರುತ್ತಾನೆ.

ಇದನ್ನು ಕನ್ನಡಕ್ಕೆ ತರುವುದು ಹೇಗೆ ಎಂದು ತಿಂಗಳಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಆ ತೊದಲಿಗೆ ಯಾವ ಸೀಮೆಯ ಮಾತು ಹಾಕಿದರೂ ಆ ಸೀಮೆಯವರಿಗೆ ಅವಮಾನ. ನಮ್ಮ ಸಿನಿಮಾದವರು ಕೆಲಸದಾಳಿಗೂ ಹಾಸ್ಯಗಾರನಿಗೂ ಉತ್ತರ ಕರ್ನಾಟಕದ ಮಾತು ಕೊಟ್ಟು ಬೈಸಿಕೊಂಡದ್ದು ನೆನಪಿದೆಯಲ್ಲ. ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಮಾತನ್ನೇ ಇಡೀ ಕಾದಂಬರಿಯ ಉಸಿರಾಗಿಸಿದ ಮೇಲಂತೂ ಆಡುಮಾತನ್ನು ಮಂಕುತನದ ವೇಷವಾಗಿ ತೊಡಿಸುವುದಕ್ಕೆ ಕೈ ಬರುವುದಿಲ್ಲ. ಹಾಗಾದರೆ ಯಾವ ಸೀಮೆಯದೂ ಅಲ್ಲದ ಒಂದು ಮುರುಕು ಕನ್ನಡವನ್ನು ಹೊಸದಾಗಿ ಕಟ್ಟಬೇಕೆ? ಅಥವಾ ‘ಬುದ್ಧಿ’, ‘ಅಡ್ಡಬಿದ್ದೆ’ ಎಂದು ಕೈಕಟ್ಟಿ ನಿಂತವರ ಆ ಹಳೆಯ ಕನ್ನಡವೇ ಸಾಕೆ? ಅದರೊಳಗೂ ಎಷ್ಟು ನಟನೆ ಇತ್ತೋ ಯಾರಿಗೆ ಗೊತ್ತು.

ನೀವು ಮನೆಯಲ್ಲಿ ಹವಿಗನ್ನಡ, ತರಗತಿಯಲ್ಲಿ ಪುಸ್ತಕದ ಕನ್ನಡ ಆಡುತ್ತ ಮೂವತ್ತು ವರ್ಷ ಪಾಠ ಹೇಳಿದವರು, ಪತ್ರದಲ್ಲೇ ಬರೆದಿದ್ದೀರಿ. ಜಿಮ್ ಪಾಠ ಹೇಳುವ ಆ ನಾಲ್ಕು ಪುಟಗಳನ್ನು ಜೆರಾಕ್ಸ್ ಮಾಡಿಸಿ ಈ ಸಂಚಿಕೆಯ ಜೊತೆ ಕಳಿಸಿದ್ದೇನೆ. ಒಂದು ಪ್ಯಾರಾ ಪ್ರಯತ್ನಿಸಿ ನೋಡಿ. ಬೈಯುವುದಿದ್ದರೂ ಹಾಳೆಯ ಒಂದೇ ಬದಿ ಬರೆಯಿರಿ, ಅಚ್ಚಿಗೆ ಜೋಡಿಸುವವರ ಕಣ್ಣು ಉಳಿಯುತ್ತದೆ. ಚಂದಾ ವಿಷಯ ನೋಡಿದೆ, ನಿಮ್ಮದು ಮುಂದಿನ ಮಾರ್ಚ್‌ವರೆಗೆ ಇದೆ.

ಇಂತು,
ಸಂಪಾದಕ